ಲಾಭ ಯಾರ ಕೈ ಸೇರುತ್ತದೆ? ಸಣ್ಣ ಹೂಡಿಕೆಯ ಲೆಕ್ಕ ಮತ್ತು ಈ ವರ್ಷದ ಓದು

(ದಾವಣಗೆರೆಯಲ್ಲಿ ಓದುಗರ ಕೂಟವೊಂದರ ಮುಂದೆ 2025ರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಎರಡು ವಿಷಯ ಕೊಟ್ಟಿದ್ದಾರೆ. ನನ್ನ ಷೇರು ಹೂಡಿಕೆ ಎಲ್ಲಿಗೆ ಬಂತು ಎಂಬುದು ಒಂದು. ಈ ವರ್ಷ ಏನು ಓದಿದೆ ಎಂಬುದು ಇನ್ನೊಂದು. ನನ್ನ ಪಾಲಿಗೆ ಇವೆರಡೂ ಒಂದೇ ಕೆಲಸ. ಷೇರು ಕೊಳ್ಳುವುದಕ್ಕೆ ಹಿಡಿಯುವ ಸಮಯ ಬಹಳ ಕಡಿಮೆ, ಮೊಬೈಲಿನಲ್ಲಿ ಅರೆ ನಿಮಿಷ ಸಾಕು. ಅದರ ಹಿಂದೆ ತಿಂಗಳುಗಟ್ಟಲೆ ಓದು ಇರಬೇಕಾಗುತ್ತದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಿ ಹೊಂದಿದವನು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರನಲ್ಲ. ಇವತ್ತು ಕೆಲವು ಕಂಪನಿಗಳ ಹೆಸರು ಬರುತ್ತವೆ, ಅವು ಉದಾಹರಣೆಗಾಗಿ ಮಾತ್ರ. ದಯವಿಟ್ಟು ಯಾರೂ ಅವನ್ನು ಕೊಳ್ಳುವ ಪಟ್ಟಿಯೆಂದು ಬರೆದುಕೊಳ್ಳಬಾರದು.

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಮನೆಯ ತುರ್ತಿಗೆ ಬೇಕಾದ ಹಣ ಬ್ಯಾಂಕಿನ ಠೇವಣಿ ಮತ್ತು ಅಂಚೆ ಕಚೇರಿಯಲ್ಲಿದೆ, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಉಳಿದದ್ದರಲ್ಲಿ ಸುಮಾರು ಅರ್ಧ, ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳ ಷೇರುಗಳನ್ನೂ ಒಟ್ಟಿಗೆ ಕೊಳ್ಳುವ ಸೂಚ್ಯಂಕ ನಿಧಿಯಲ್ಲಿದೆ. ಇನ್ನರ್ಧ ಹನ್ನೆರಡು ಕಂಪನಿಗಳ ಷೇರುಗಳಲ್ಲಿದೆ. ಈ ಹನ್ನೆರಡರ ಗಳಿಕೆಯನ್ನು ಹತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ಸೂಚ್ಯಂಕಕ್ಕಿಂತ ವರ್ಷಕ್ಕೆ ಒಂದು ಶೇಕಡಾ ಅಂಶದಷ್ಟು ಮುಂದಿದೆ. 2024-25ರ ಒಂದೇ ವರ್ಷ ತೆಗೆದುಕೊಂಡರೆ ಹಿಂದೆ ಬಿದ್ದಿದೆ. ಆ ವರ್ಷ ನಿಫ್ಟಿ, ಅಂದರೆ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ, ಶೇ 5ರ ಆಸುಪಾಸು ಏರಿತು. 2024ರ ಸೆಪ್ಟೆಂಬರಿನಲ್ಲಿ 26,000 ದಾಟಿ, ಅಕ್ಟೋಬರಿನಿಂದ ಫೆಬ್ರುವರಿವರೆಗೆ ಐದು ತಿಂಗಳು ಸತತವಾಗಿ ಇಳಿಯಿತು. ಹಾಗೆ ಐದು ತಿಂಗಳು ಎಡೆಬಿಡದೆ ಇಳಿದದ್ದು 1996ರ ನಂತರ ಅದೇ ಮೊದಲು.

ಇಲ್ಲಿ ‘ಸೂಚ್ಯಂಕ’ ಎಂದಾಗ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿಯೇ ಬಹಳ ಜನರ ಲೆಕ್ಕ ಕೆಡುತ್ತದೆ. ಟಿವಿಯಲ್ಲಿ ಓಡುವ ನಿಫ್ಟಿ ಸಂಖ್ಯೆಯಲ್ಲಿ ಲಾಭಾಂಶ ಸೇರಿರುವುದಿಲ್ಲ. ಆ ಐವತ್ತು ಕಂಪನಿಗಳು ಹಂಚಿದ ಲಾಭಾಂಶವನ್ನು ಮತ್ತೆ ಹೂಡಿದರೆ ಎಷ್ಟಾಗುತ್ತದೆ ಎಂದು ತೋರಿಸುವುದು ಒಟ್ಟು ಪ್ರತಿಫಲ ಸೂಚ್ಯಂಕ, ಅಂದರೆ ಟಿಆರ್‌ಐ. ಮ್ಯೂಚುವಲ್ ಫಂಡ್‌ಗಳು ತಮ್ಮ ಸಾಧನೆಯನ್ನು ಇದರೊಂದಿಗೇ ಹೋಲಿಸಿಕೊಳ್ಳಬೇಕೆಂದು ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು. ನನ್ನ ಷೇರುಗಳ ಲಾಭಾಂಶವನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡು, ಸೂಚ್ಯಂಕದ ಲಾಭಾಂಶವನ್ನು ಬಿಟ್ಟು ಹೋಲಿಸಿದರೆ ಯಾರಿಗೆ ಮೋಸ? ಹಣ ಹಾಕಿದ ದಿನಾಂಕಗಳೂ ಲೆಕ್ಕಕ್ಕೆ ಬರಬೇಕು. ಹಂತಹಂತವಾಗಿ ಹಾಕಿದ ಮೊತ್ತವನ್ನೆಲ್ಲ ಕೂಡಿ, ಇಂದಿನ ಬೆಲೆಯನ್ನು ಅದರಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಎಕ್ಸೆಲ್ ಹಾಳೆಯಲ್ಲಿ ಎಕ್ಸ್‌ಐಆರ್‌ಆರ್ ಎಂಬ ಸೂತ್ರವಿದೆ. ದಿನಾಂಕ ಮತ್ತು ಮೊತ್ತ ಕೊಟ್ಟರೆ ವಾರ್ಷಿಕ ದರವನ್ನು ಅದೇ ಹೇಳುತ್ತದೆ. ತೆರಿಗೆಯನ್ನೂ ಕಳೆಯಿರಿ. 2024ರ ಜುಲೈ 23ರಿಂದ ದೀರ್ಘಾವಧಿ ಗಳಿಕೆಗೆ ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಶೇ 12.5 ತೆರಿಗೆ ಇದೆ.

ಇನ್ನು ಓದಿಗೆ ಬರುತ್ತೇನೆ. ಇವತ್ತು ನಾನು ಇಲ್ಲಿ ನಿಂತಿರುವುದೇ ಒಂದು ಪತ್ರದ ಕಾರಣಕ್ಕೆ.

ಬರ್ಕ್‌ಶೈರ್ ಹ್ಯಾಥವೇ ಎಂಬ ಅಮೆರಿಕದ ಹೂಡಿಕೆ ಕಂಪನಿಯ ಮುಖ್ಯಸ್ಥರಾಗಿದ್ದ ವಾರೆನ್ ಬಫೆಟ್, 2025ರ ಕೊನೆಗೆ ಸಿಇಒ ಹುದ್ದೆಯಿಂದ ಇಳಿಯುವುದಾಗಿ ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟಿಸಿದ್ದರು. ಆ ನೆಪದಲ್ಲಿ ಅವರು ಷೇರುದಾರರಿಗೆ ಬರೆದ ಹಳೆಯ ವಾರ್ಷಿಕ ಪತ್ರಗಳನ್ನು ಕ್ರಮವಾಗಿ ಓದಲು ಕುಳಿತೆ. 1977ರಿಂದ ಈಚಿನವೆಲ್ಲ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಜನ ಸಾಮಾನ್ಯವಾಗಿ ಅವುಗಳಿಂದ ಒಂದೊಂದು ಸಾಲು ಎತ್ತಿ ಹಂಚುತ್ತಾರೆ. ಇಡಿಯಾಗಿ ಓದುವ ಅನುಭವ ಬೇರೆಯೇ. ಅದರಲ್ಲೂ 1985ರ ಸಾಲಿನ ಪತ್ರವನ್ನು ದಾವಣಗೆರೆಯವರಾದ ನಾವು ಓದಲೇಬೇಕು.

ಬರ್ಕ್‌ಶೈರ್ ಹ್ಯಾಥವೇ ಮೂಲದಲ್ಲಿ ಬಟ್ಟೆ ಗಿರಣಿ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿತ್ತು. ಬಫೆಟ್ 1965ರಲ್ಲಿ ಅದರ ಹಿಡಿತ ಪಡೆದರು. ಇಪ್ಪತ್ತು ವರ್ಷ ನಡೆಸಿ 1985ರಲ್ಲಿ ಗಿರಣಿಯನ್ನು ಮುಚ್ಚಿದರು. ಮುಚ್ಚಿದ ಬಳಿಕ ಯಂತ್ರಗಳನ್ನು ಹರಾಜು ಹಾಕಿದ ಲೆಕ್ಕವನ್ನು ಆ ಪತ್ರದಲ್ಲಿ ಕೊಟ್ಟಿದ್ದಾರೆ. ಕೊಳ್ಳುವಾಗ ಸುಮಾರು 1.3 ಕೋಟಿ ಡಾಲರ್ ಆಗಿದ್ದ ಯಂತ್ರಗಳವು. ಸವಕಳಿ ಕಳೆದು ಪುಸ್ತಕದಲ್ಲಿ ಉಳಿದಿದ್ದ ಮೌಲ್ಯ 8,66,000 ಡಾಲರ್. ಹರಾಜಿನಲ್ಲಿ ಬಂದದ್ದು 1,63,122 ಡಾಲರ್. ಮಾರಾಟದ ಹಿಂದುಮುಂದಿನ ಖರ್ಚು ಕಳೆದರೆ ಕೈಗೆ ಒಂದು ಡಾಲರೂ ಉಳಿಯಲಿಲ್ಲ. 1981ರಲ್ಲಿ ತಲಾ ಸುಮಾರು 5,000 ಡಾಲರ್ ಕೊಟ್ಟು ಹೊಸದಾಗಿ ತಂದ ಮಗ್ಗಗಳನ್ನು 50 ಡಾಲರಿಗೂ ಕೇಳುವವರಿರಲಿಲ್ಲ. ಕೊನೆಗೆ ಒಂದಕ್ಕೆ 26 ಡಾಲರಿನಂತೆ ಗುಜರಿಗೆ ಹೋದವು.

ಈ ಸಂಖ್ಯೆಗಳನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರೇ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. ದಾವಣಗೆರೆ ಕಾಟನ್ ಮಿಲ್ ಮತ್ತು ಅದರ ಬೆನ್ನಿಗೆ ಬಂದ ಗಿರಣಿಗಳು ಒಂದು ಕಾಲಕ್ಕೆ ಈ ಊರಿನ ಅನ್ನದ ಮೂಲವಾಗಿದ್ದವು. ಗಿರಣಿಯ ಪಾಳಿಗೆ ತಕ್ಕಂತೆ ಊರಿನ ಹೋಟೆಲ್, ಸಂತೆ, ಸಿನಿಮಾ ಎಲ್ಲವೂ ನಡೆಯುತ್ತಿದ್ದವು. ಇಂದು ಆ ಕಾಟನ್ ಮಿಲ್ಲಿನ ಡಿಸಿಎಂ ಎಂಬ ಹೆಸರು ಬಡಾವಣೆಗೆ ಉಳಿದಿದೆ. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಯಂತ್ರಗಳನ್ನು ಮಾಡುತ್ತಿತ್ತು, ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಅವು ಹೋಗುತ್ತಿದ್ದವು. ಅದೂ ಈಗಿಲ್ಲ. ಈ ಸೋಲಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಕಾರಣಗಳು ಗೊತ್ತೇ ಇವೆ: ಮಾಲೀಕರ ಜಗಳ, ಕಾರ್ಮಿಕ ಸಂಘಟನೆ, ಸರ್ಕಾರದ ನೀತಿ. ಒಂದೊಂದರಲ್ಲೂ ಸ್ವಲ್ಪ ನಿಜ ಇರಬಹುದು. ಆದರೆ ಬಫೆಟ್ ಅವರ ಪತ್ರ ಇನ್ನೊಂದು ಕಾರಣ ಹೇಳುತ್ತದೆ, ಮತ್ತು ಅದು ಯಾರ ಮೇಲೂ ಹೊರಿಸುವಂಥದ್ದಲ್ಲ.

ಅವರ ಗಿರಣಿಯಲ್ಲಿ ಮಾಲೀಕರ ಜಗಳ ಇರಲಿಲ್ಲ. ವ್ಯವಸ್ಥಾಪಕರು ಸಮರ್ಥರಾಗಿದ್ದರು, ಕಾರ್ಮಿಕರು ಸಹಕರಿಸಿದರು ಎಂದು ಪತ್ರದಲ್ಲಿ ಅವರೇ ಕೃತಜ್ಞತೆಯಿಂದ ಬರೆದಿದ್ದಾರೆ. ಹಾಗಿದ್ದೂ ಏಕೆ ಮುಚ್ಚಿತು? ಪ್ರತಿ ವರ್ಷ ಹೊಸ ಯಂತ್ರಕ್ಕೆ ಪ್ರಸ್ತಾವ ಬರುತ್ತಿತ್ತು. ಈ ಯಂತ್ರ ತಂದರೆ ಇಷ್ಟು ಕೂಲಿ ಉಳಿಯುತ್ತದೆ, ಇಷ್ಟು ನೂಲು ಉಳಿಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇರುತ್ತಿತ್ತು. ಆದರೆ ಅದೇ ಯಂತ್ರವನ್ನು ಅದೇ ವರ್ಷ ದೇಶದೊಳಗಿನ ಮತ್ತು ಹೊರಗಿನ ಪ್ರತಿಸ್ಪರ್ಧಿಗಳೂ ತರುತ್ತಿದ್ದರು. ಎಲ್ಲರ ವೆಚ್ಚವೂ ಇಳಿದಾಗ ಬಟ್ಟೆಯ ಬೆಲೆ ಇಳಿಯಿತು. ಉಳಿತಾಯವೆಲ್ಲ ಬಟ್ಟೆ ಕೊಂಡವರ ಪಾಲಾಯಿತು. ಗಿರಣಿಗಳಿಗೆ ಉಳಿದದ್ದು ಇನ್ನಷ್ಟು ಬಂಡವಾಳ ಹೂತ ಅದೇ ಹಳೆಯ ಬಡ ಲಾಭ.

ಇದನ್ನು ಗಟ್ಟಿ ಮಾಡಲು ಅವರು ತಮಗಿಂತ ಬಹಳ ದೊಡ್ಡದಾದ ಬರ್ಲಿಂಗ್ಟನ್ ಇಂಡಸ್ಟ್ರೀಸ್ ಎಂಬ ಗಿರಣಿ ಸಮೂಹದ ಉದಾಹರಣೆ ಕೊಡುತ್ತಾರೆ. 1964ರಲ್ಲಿ ಅದರ ಮಾರಾಟ 120 ಕೋಟಿ ಡಾಲರ್, ಬರ್ಕ್‌ಶೈರ್‌ನದು 5 ಕೋಟಿ. ಬರ್ಲಿಂಗ್ಟನ್ ಧೃತಿಗೆಡದೆ ಬಟ್ಟೆಯ ದಂಧೆಯಲ್ಲಿಯೇ ನಿಂತು, 1985ರ ತನಕ ಸುಮಾರು 300 ಕೋಟಿ ಡಾಲರ್ ಹೊಸ ಯಂತ್ರಗಳಿಗೆ ಸುರಿಯಿತು. 60 ಡಾಲರಿಗೆ ಮಾರಾಟವಾಗುತ್ತಿದ್ದ ಒಂದು ಷೇರಿನ ಹಿಂದೆ 200 ಡಾಲರಿಗಿಂತ ಹೆಚ್ಚು ಹಣ ಯಂತ್ರಕ್ಕೆ ಹೋಯಿತು ಎಂದಾಯಿತು. ಇಪ್ಪತ್ತೊಂದು ವರ್ಷಗಳ ಕೊನೆಗೆ ಆ ಷೇರಿನ ಬೆಲೆ? ನಡುವೆ 1968ರಲ್ಲಿ ಒಂದು ಷೇರು ಎರಡಾಗಿತ್ತು, 1985ರಲ್ಲಿ ಒಂದರ ಬೆಲೆ 34. ಹಳೆಯ ಒಂದು ಷೇರಿನ ಲೆಕ್ಕದಲ್ಲಿ 68. ಅರವತ್ತು ಅರವತ್ತೆಂಟಾಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಸಾಮಾನುಗಳ ಬೆಲೆ ಮೂರು ಪಟ್ಟು ಮೀರಿತ್ತು.

ಗಣಿತದ ಮೇಷ್ಟರಾಗಿ ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಹೂಡಿಕೆಯ ಬೇರೆ ಯಾವ ಬರಹದಲ್ಲೂ ಕಂಡಿಲ್ಲ. ಕಂಪನಿ ದುಡಿಯಿತು. ಲಾಭವನ್ನೂ ತೋರಿಸಿತು. ಆ ಲಾಭ ಷೇರುದಾರನ ಕೈ ಸೇರುವ ಮೊದಲೇ ಯಂತ್ರದ ಹೊಟ್ಟೆ ಸೇರಿತು.

ನಮ್ಮ ರಾಜ್ಯದ ಇತಿಹಾಸದಲ್ಲಿ ಇದೇ ಕತೆಯ ಒಂದು ಕೊಂಡಿ ಎಲ್ಲರಿಗೂ ಪರಿಚಿತವಾದ ಜಾಗದಲ್ಲೇ ಇದೆ. ಕಾನೂನು ಓದಿದವರು ಮಿನರ್ವ ಮಿಲ್ಸ್ ತೀರ್ಪನ್ನು ಬಲ್ಲರು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 42ನೇ ತಿದ್ದುಪಡಿಯ ಭಾಗಗಳನ್ನು ರದ್ದು ಮಾಡಿದ 1980ರ ಜುಲೈ 31ರ ತೀರ್ಪು ಅದು. ಆ ಮಿನರ್ವ ಮಿಲ್ಸ್ ಬೆಂಗಳೂರಿನ ಒಂದು ಬಟ್ಟೆ ಗಿರಣಿ. 1971ರಲ್ಲಿ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು. 1974ರಲ್ಲಿ ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣ ಕಾಯ್ದೆಯಡಿ ಅದು ರಾಷ್ಟ್ರೀಕರಣವಾಯಿತು. ದೇಶಕ್ಕೆ ಅಷ್ಟು ದೊಡ್ಡ ತೀರ್ಪನ್ನು ತಂದುಕೊಟ್ಟ ದಾವೆಯ ಬುಡದಲ್ಲಿ ಇದ್ದದ್ದು ರೋಗಗ್ರಸ್ತ ಎಂದು ಹೆಸರು ಬಿದ್ದ ಒಂದು ಬಟ್ಟೆಯ ಉದ್ದಿಮೆ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಈ ಓದಿನಿಂದ ನನ್ನ ಕೆಲಸದ ಕ್ರಮ ಏನಾಗಿದೆ ಎಂದು ಹೇಳುತ್ತೇನೆ. ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳಿ. ವರ್ಷದ ನಿವ್ವಳ ಲಾಭ 12 ಕೋಟಿ. ಮಾರುಕಟ್ಟೆಯಲ್ಲಿ ಇಡೀ ಕಂಪನಿಯ ಬೆಲೆ 180 ಕೋಟಿ. ಲಾಭದ ಹದಿನೈದು ಪಟ್ಟು, ಅಗ್ಗ ಎನ್ನಿಸುತ್ತದೆ. ಯಂತ್ರಗಳ ಸವಕಳಿ ಎಂದು 5 ಕೋಟಿಯನ್ನು ಲಾಭದಿಂದ ಮೊದಲೇ ಕಳೆದಿದ್ದಾರೆ. ಆ ಹಣ ಹೊರಗೆ ಹೋಗಿಲ್ಲವಾದ್ದರಿಂದ ನಗದು ರೂಪದಲ್ಲಿ 17 ಕೋಟಿ ಬಂದಿದೆ. ಈಗ ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಗೆ ಹೋಗಿ. ಆಸ್ತಿ, ಯಂತ್ರ, ಕಟ್ಟಡಗಳ ಖರೀದಿ ಎಂಬ ಸಾಲಿನಲ್ಲಿ 15 ಕೋಟಿ ಇದೆ. ಮಿಕ್ಕಿದ್ದು 2 ಕೋಟಿ. ಆ 15 ಕೋಟಿಯಿಂದ ಉದ್ಯಮ ಬೆಳೆಯುತ್ತಿದ್ದರೆ ಚಿಂತೆಯಿಲ್ಲ, ನಾಳೆ ಫಲ ಬರುತ್ತದೆ. ಆದರೆ ಹತ್ತು ವರ್ಷದ ಮಾರಾಟವನ್ನು ತೆಗೆದು ಹಣದುಬ್ಬರ ಕಳೆದು ನೋಡಿದಾಗ ಅದು ಇದ್ದಲ್ಲೇ ಇದ್ದರೆ, 15 ಕೋಟಿಯೂ ಇದ್ದಲ್ಲಿ ನಿಲ್ಲುವುದಕ್ಕಾಗಿಯೇ ಖರ್ಚಾಗಿದೆ ಎಂದರ್ಥ. ಆಗ 180 ಕೋಟಿ ಕೊಟ್ಟವನಿಗೆ ನಿಜವಾಗಿ ದಕ್ಕುವುದು 2 ಕೋಟಿ, ಶೇ 1ಕ್ಕಿಂತ ತುಸು ಹೆಚ್ಚು. ಉಳಿತಾಯ ಖಾತೆಯ ಬಡ್ಡಿಯೇ ಮೇಲು.

ಒಂದು ವರ್ಷದ ಸಂಖ್ಯೆ ನೋಡಿ ತೀರ್ಮಾನಿಸಬಾರದು. ಒಂದು ವರ್ಷ ಕಾರ್ಖಾನೆ ಕಟ್ಟುತ್ತಾರೆ, ಮುಂದಿನ ಮೂರು ವರ್ಷ ಕಟ್ಟುವುದಿಲ್ಲ. ಹಾಗಾಗಿ ನಾನು ಹತ್ತು ವರ್ಷದ ಕಾರ್ಯಾಚರಣೆಯ ನಗದನ್ನೆಲ್ಲ ಒಂದು ಕಡೆ ಕೂಡುತ್ತೇನೆ, ಹತ್ತು ವರ್ಷದ ಆಸ್ತಿ ಖರೀದಿಯನ್ನೆಲ್ಲ ಇನ್ನೊಂದು ಕಡೆ ಕೂಡುತ್ತೇನೆ. ವ್ಯತ್ಯಾಸ ಎಷ್ಟು, ಅದರಲ್ಲಿ ಲಾಭಾಂಶವಾಗಿ ಹೋದದ್ದು ಎಷ್ಟು, ಸಾಲ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಒಂದೇ ಹಾಳೆಯಲ್ಲಿ ಬರೆಯುತ್ತೇನೆ. ಪ್ರೌಢಶಾಲೆಯ ಮಕ್ಕಳು ಮಾಡಬಲ್ಲ ಸಂಕಲನ ವ್ಯವಕಲನ. ಈ ಹಾಳೆ ಸಿದ್ಧವಾಗುವ ತನಕ ಷೇರಿನ ಬೆಲೆಯನ್ನು ನಾನು ನೋಡುವುದೇ ಇಲ್ಲ. ಬೆಲೆ ಮೊದಲು ಕಣ್ಣಿಗೆ ಬಿದ್ದರೆ ಮನಸ್ಸು ಅದಕ್ಕೆ ತಕ್ಕ ಕಾರಣಗಳನ್ನು ಹುಡುಕಲು ಹೊರಡುತ್ತದೆ.

ನನ್ನ ಹನ್ನೆರಡು ಕಂಪನಿಗಳನ್ನು ಈ ವರ್ಷ ಹೀಗೆ ಸಾಲಾಗಿ ಇಟ್ಟು ನೋಡಿದೆ. ಹತ್ತು ವರ್ಷಗಳ ಗಳಿಕೆಯ ಬಹುಪಾಲನ್ನು ತಂದುಕೊಟ್ಟ ಎರಡು ಕಂಪನಿಗಳಲ್ಲಿ ಒಂದು ಸಾಮ್ಯ ಸ್ಪಷ್ಟವಾಗಿತ್ತು: ದುಡಿದ ನಗದಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರಕ್ಕೆ ಹಾಕದೆಯೇ ಅವು ಬೆಳೆದಿವೆ. ಇದ್ದಲ್ಲೇ ಇರುವ ನಾಲ್ಕು ಕಂಪನಿಗಳು ಪ್ರತಿ ವರ್ಷ ವಿಸ್ತರಣೆಯ ಸುದ್ದಿ ಕೊಟ್ಟಿವೆ, ಪ್ರತಿ ವರ್ಷ ಹಣ ಕೇಳಿವೆ. ಆ ನಾಲ್ಕರಲ್ಲಿ ಎರಡನ್ನು ಮಾರಿ ಆ ಹಣವನ್ನು ಸೂಚ್ಯಂಕ ನಿಧಿಗೆ ಸೇರಿಸುತ್ತಿದ್ದೇನೆ.

ಬಂಡವಾಳ ಬೇಡದ ಉದ್ಯಮದ ಮಾತು ಬಂದಾಗ ಕನ್ನಡಿಗರು ಇನ್ಫೊಸಿಸ್ ಹೆಸರು ಹೇಳದೆ ಇರುವುದಿಲ್ಲ. 1993ರಲ್ಲಿ ಷೇರು 95 ರೂಪಾಯಿಗೆ ಸಾರ್ವಜನಿಕರ ಮುಂದೆ ಬಂದಾಗ ಕೊಳ್ಳುವವರೇ ಸಾಕಷ್ಟು ಸಿಗಲಿಲ್ಲ. ಅಂದು 9,500 ರೂಪಾಯಿಗೆ ನೂರು ಷೇರು ಕೊಂಡು ಮಾರದೆ ಇಟ್ಟವರ ಬಳಿ ಬೋನಸ್ (ಕಂಪನಿ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಮತ್ತು ವಿಭಜನೆಗಳಿಂದ ಇಂದು 1,02,400 ಷೇರುಗಳಿವೆ. ಈ ಸಂಖ್ಯೆಯನ್ನು ಬೆರಗಿನಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಹಣದ ದಿಕ್ಕು. ಬೋನಸ್ ಷೇರಿನಿಂದ ಕಂಪನಿಯ ಸಂಪತ್ತು ಒಂದು ಪೈಸೆಯೂ ಹೆಚ್ಚುವುದಿಲ್ಲ. ಆದರೆ 2017ರಲ್ಲಿ ಆ ಕಂಪನಿ ತನ್ನದೇ ಷೇರುಗಳನ್ನು ತಲಾ 1,150 ರೂಪಾಯಿಯಂತೆ ಕೊಂಡು 13,000 ಕೋಟಿ ರೂಪಾಯಿಯನ್ನು ಷೇರುದಾರರಿಗೆ ಮರಳಿಸಿತು. ಗಿರಣಿ ಷೇರುದಾರನಿಂದ ಹಣ ಕೇಳುತ್ತಾ ಹೋಗುತ್ತದೆ, ಇಂಥ ಉದ್ಯಮ ಕೊಡುತ್ತಾ ಹೋಗುತ್ತದೆ. 1993ರಲ್ಲಿ ಇದನ್ನು ಮುಂಗಾಣುವುದು ಸುಲಭವಾಗಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಆ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದು ಹೆಸರೂ ಉಳಿಯದಂತೆ ಹೋದ ಕಂಪನಿಗಳು ಲೆಕ್ಕವಿಲ್ಲದಷ್ಟಿವೆ.

ಬ್ಯಾಂಕುಗಳಿಗೆ ಈ ಹಾಳೆ ಹೊಂದುವುದಿಲ್ಲ. ಅವುಗಳಿಗೆ ಮಗ್ಗವಿಲ್ಲ, ಹಣವೇ ಕಚ್ಚಾ ಸಾಮಗ್ರಿ. ನಮ್ಮ ಕರಾವಳಿ ಈ ದೇಶಕ್ಕೆ ಬ್ಯಾಂಕಿಂಗ್ ಕಲಿಸಿದ ಸೀಮೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರಿಂದ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟ್ 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಈ ಐದರಲ್ಲಿ ಮೂರರ ಹೆಸರು ಈಗ ಫಲಕಗಳಲ್ಲಿಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು.

ನನ್ನ ಬಳಿಯ ಕೆನರಾ ಬ್ಯಾಂಕ್ ಷೇರುಗಳಲ್ಲಿ ಒಂದು ಭಾಗ ಮೂಲತಃ ಸಿಂಡಿಕೇಟಿನದು. 1,000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಕೊಟ್ಟರು. 2024ರ ಮೇ ತಿಂಗಳಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರು ಎರಡು ರೂಪಾಯಿಯ ಐದು ಷೇರುಗಳಾಗಿ ಒಡೆದು ಆ 158 ಈಗ 790 ಆಗಿವೆ. ಸಾವಿರದಿಂದ ನೂರೈವತ್ತೆಂಟಕ್ಕೆ ಇಳಿದಾಗ ಬೇಸರಪಟ್ಟವರೂ, ಏಳುನೂರ ತೊಂಬತ್ತಕ್ಕೆ ಏರಿದಾಗ ಸಂಭ್ರಮಿಸಿದವರೂ ಎಣಿಸುತ್ತಿದ್ದದ್ದು ಕಾಗದಗಳನ್ನು. ಬ್ಯಾಂಕಿನ ವಿಷಯದಲ್ಲಿ ನಾನು ಕೇಳುವುದು ಇಷ್ಟು: ಹತ್ತು ವರ್ಷಗಳಲ್ಲಿ ಅದು ಎಷ್ಟು ಸಲ ಹೊಸ ಬಂಡವಾಳ ಎತ್ತಿತು, ಪ್ರತಿ ಸಲವೂ ಹಳೆಯ ಷೇರುದಾರನ ಪಾಲು ಎಷ್ಟು ಕರಗಿತು? ಗಿರಣಿಯಲ್ಲಿ ಯಂತ್ರ ನುಂಗುವ ಹಣವನ್ನು ಬ್ಯಾಂಕಿನಲ್ಲಿ ವಸೂಲಾಗದ ಸಾಲ ನುಂಗುತ್ತದೆ. ದೇಶದ ವಾಣಿಜ್ಯ ಬ್ಯಾಂಕುಗಳ ಒಟ್ಟು ಸಾಲದಲ್ಲಿ ವಸೂಲಾಗದ ಪಾಲು 2018ರ ಮಾರ್ಚ್‌ನಲ್ಲಿ ಶೇ 11 ದಾಟಿತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ, 2017ರ ಅಕ್ಟೋಬರಿನಲ್ಲಿ, ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ ಪ್ರಕಟವಾಗಿತ್ತು. 2025ರ ಮಾರ್ಚ್ ಹೊತ್ತಿಗೆ ಆ ಪಾಲು ಶೇ 2.3ಕ್ಕೆ ಇಳಿದಿದೆ. ಈಗಿನ ಲಾಭ ಚೆಂದವಾಗಿ ಕಾಣುವುದು ಅದಕ್ಕಾಗಿಯೇ. ಆದ್ದರಿಂದಲೇ ಈಗಿನ ಒಂದು ವರ್ಷದ ಲಾಭದ ಮೇಲೆ ಬ್ಯಾಂಕ್ ಷೇರಿಗೆ ಬೆಲೆ ಕಟ್ಟಲು ನಾನು ಒಪ್ಪುವುದಿಲ್ಲ. ಇದ್ದದ್ದನ್ನು ಇಟ್ಟುಕೊಂಡಿದ್ದೇನೆ, ಹೊಸದಾಗಿ ಕೊಂಡಿಲ್ಲ.

ನನ್ನ ಗಳಿಕೆಯ ಬಹುಪಾಲು ಎರಡೇ ಕಂಪನಿಗಳಿಂದ ಬಂತು ಎಂದೆನಲ್ಲ, ಅದನ್ನು ಅರ್ಥ ಮಾಡಿಕೊಳ್ಳಲು ಎರಡು ಓದು ನೆರವಾದವು. ಒಂದು, ಹೆಂಡ್ರಿಕ್ ಬೆಸೆಂಬೈಂಡರ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಷೇರುಪೇಟೆಯಲ್ಲಿ 1926ರಿಂದ 2016ರವರೆಗೆ ಇದ್ದ ಎಲ್ಲ ಸಾಮಾನ್ಯ ಷೇರುಗಳನ್ನೂ ಅವರು ಲೆಕ್ಕ ಹಾಕಿದರು. ಅರ್ಧಕ್ಕಿಂತ ಹೆಚ್ಚು ಷೇರುಗಳು ತಮ್ಮ ಇಡೀ ಆಯುಷ್ಯದಲ್ಲಿ ಸರ್ಕಾರದ ಒಂದು ತಿಂಗಳ ಸಾಲಪತ್ರದಷ್ಟೂ ಕೊಡಲಿಲ್ಲ. ಪೇಟೆ ಸೃಷ್ಟಿಸಿದ ನಿವ್ವಳ ಸಂಪತ್ತೆಲ್ಲ ಶೇ 4ರಷ್ಟು ಕಂಪನಿಗಳಿಂದ ಬಂದಿತ್ತು. ಇನ್ನೊಂದು, ಬೆಂಜಮಿನ್ ಗ್ರಹಾಂ ಅವರ ಹೂಡಿಕೆಯ ಪ್ರಸಿದ್ಧ ಪುಸ್ತಕ. 1949ರಲ್ಲಿ ಮೊದಲು ಬಂದದ್ದು, ಕೊನೆಯ ಬಾರಿ ಅವರೇ ಪರಿಷ್ಕರಿಸಿದ್ದು 1973ರಲ್ಲಿ. ಎಚ್ಚರಿಕೆ, ಅಗ್ಗದ ಬೆಲೆ, ಹಲವು ಕಡೆ ಹಂಚುವಿಕೆ ಎಂದು ಪುಸ್ತಕದುದ್ದಕ್ಕೂ ಬೋಧಿಸಿದ ಅವರು ಕೊನೆಯಲ್ಲಿ ಸೇರಿಸಿದ ಹಿನ್ನುಡಿಯಲ್ಲಿ ಒಂದು ವಿಷಯ ತೆರೆದಿಡುತ್ತಾರೆ. ಒಂದು ವಿಮಾ ಕಂಪನಿಯಲ್ಲಿ ಅವರ ಸಂಸ್ಥೆ ಮಾಡಿದ ಒಂದೇ ಹೂಡಿಕೆ, ಎರಡು ದಶಕಗಳ ಉಳಿದೆಲ್ಲ ವ್ಯವಹಾರಗಳ ಲಾಭವನ್ನು ಕೂಡಿದರೂ ಮೀರಿತ್ತು. ಆ ಕಂಪನಿ ಗೈಕೊ, ಕೊಂಡದ್ದು 1948ರಲ್ಲಿ. ಅಷ್ಟು ಶಿಸ್ತಿನ ಮನುಷ್ಯ ಇದನ್ನು ಮುಚ್ಚಿಡದೆ ಬರೆದದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಇದರಿಂದ ಎರಡು ದಾರಿ ತೆರೆಯುತ್ತವೆ. ಆ ಶೇ 4ನ್ನು ಹುಡುಕುವುದು ಒಂದು, ಅದಕ್ಕೆ ಹೊತ್ತು ಮತ್ತು ತಾಳ್ಮೆ ಬೇಕು. ಎಲ್ಲವನ್ನೂ ಕೊಂಡು, ಅದರೊಳಗೆ ಆ ಶೇ 4 ತಾನಾಗಿ ಇರುವಂತೆ ಮಾಡುವುದು ಇನ್ನೊಂದು. ಸೂಚ್ಯಂಕ ನಿಧಿ ಮಾಡುವುದು ಅದನ್ನೇ. 1976ರಲ್ಲಿ ಜಾನ್ ಬೋಗಲ್ ಅಮೆರಿಕದಲ್ಲಿ ಸಾಮಾನ್ಯರಿಗಾಗಿ ಇಂಥ ಮೊದಲ ನಿಧಿ ತೆರೆದಾಗ 15 ಕೋಟಿ ಡಾಲರ್ ನಿರೀಕ್ಷೆಯಿತ್ತು, ಬಂದದ್ದು 1.1 ಕೋಟಿಗಿಂತ ತುಸು ಹೆಚ್ಚು. ವಾರ್ಷಿಕ ವರದಿ ಓದಲು ಬಿಡುವಿಲ್ಲದವರಿಗೆ, ಓದುವುದು ಇಷ್ಟವಿಲ್ಲದವರಿಗೆ ನಾನು ಯಾವ ಸಂಕೋಚವೂ ಇಲ್ಲದೆ ಎರಡನೆಯ ದಾರಿಯನ್ನೇ ತೋರಿಸುತ್ತೇನೆ. ನನ್ನ ಮಕ್ಕಳಿಗೂ ಅದನ್ನೇ ಹೇಳಿದ್ದೇನೆ.

ಮೂರನೆಯದೊಂದು ದಾರಿ ಇದೆ. ಈ ಸಭೆಯಲ್ಲಿ ಕಾಲೇಜು ಹುಡುಗರು ಇರುವುದರಿಂದ ಅದರ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಷೇರು ಅಥವಾ ಸೂಚ್ಯಂಕದ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಅವಧಿಬದ್ಧ ಒಪ್ಪಂದಗಳ ವಹಿವಾಟು. ಮೂರು ವರ್ಷಗಳ, ಅಂದರೆ 2021-22ರಿಂದ 2023-24ರವರೆಗಿನ ವಹಿವಾಟನ್ನು ಪರಿಶೀಲಿಸಿ ಸೆಬಿ 2024ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಆಡಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಜನ ನಷ್ಟ ಮಾಡಿಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಅದು ಯಾರ ಹಣ? ಮೊದಲ ಸಂಬಳದ ಹಣ, ಅಪ್ಪ ಅಡಿಕೆ ಮಾರಿ ಕಳಿಸಿದ ಹಣ, ವೈಯಕ್ತಿಕ ಸಾಲ ತೆಗೆದ ಹಣ. ನನ್ನ ಹಳೆಯ ವಿದ್ಯಾರ್ಥಿಗಳೇ ಬಂದು ಹೇಳಿಕೊಂಡಿದ್ದಾರೆ. ಷೇರಿನ ಹಿಂದೆ ಒಂದು ಉದ್ಯಮವಿದೆ, ಅದು ದುಡಿಯುತ್ತದೆ. ವಾರದೊಳಗೆ ಮುಗಿಯುವ ಆಪ್ಷನ್ನಿನಲ್ಲಿ ಒಬ್ಬ ಕಳೆದುಕೊಂಡದ್ದೇ ಇನ್ನೊಬ್ಬನ ಗಳಿಕೆ, ನಡುವೆ ದಲ್ಲಾಳಿ ಶುಲ್ಕ ಮತ್ತು ತೆರಿಗೆ ಬೇರೆ. ನೂರರಲ್ಲಿ ತೊಂಬತ್ತಮೂರು ಮಕ್ಕಳು ನಪಾಸಾಗುವ ಪರೀಕ್ಷೆಗೆ ಯಾವ ಮೇಷ್ಟರೂ ತನ್ನ ಮಕ್ಕಳನ್ನು ಕೂರಿಸುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ನಗದು ಹರಿವಿನ ಪಟ್ಟಿಯನ್ನೇ ಸುಳ್ಳು ಬರೆದರೆ ಏನು ಮಾಡುವುದು ಎಂದು ಒಬ್ಬರು ಕೇಳಿದರು. ಅತ್ಯಂತ ಸರಿಯಾದ ಪ್ರಶ್ನೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಪತ್ರ ಬರೆದರು. ಲೆಕ್ಕ ಪರಿಶೋಧಕರ ಸಹಿ ಇದ್ದ ಪುಸ್ತಕಗಳವು. ಪೂರ್ಣ ರಕ್ಷಣೆ ಯಾವುದೂ ಇಲ್ಲ. ನಾನು ಎರಡು ಮೂರು ತಾಳೆ ನೋಡುತ್ತೇನೆ. ಇಷ್ಟು ನಗದು ಇದೆ ಎನ್ನುವ ಕಂಪನಿಗೆ ಅದಕ್ಕೆ ತಕ್ಕ ಬಡ್ಡಿ ಬಂದಿದೆಯೇ? ಅಷ್ಟು ಹಣ ಇಟ್ಟುಕೊಂಡು ಏಕೆ ಸಾಲ ಮಾಡುತ್ತಿದೆ? ಲಾಭಾಂಶ ನಿಜವಾಗಿ ಕೊಡುತ್ತಿದೆಯೇ? ಮಾಲೀಕರ ಕುಟುಂಬದ ಇತರ ಸಂಸ್ಥೆಗಳೊಂದಿಗಿನ ವಹಿವಾಟು ವರದಿಯ ಹಿಂಬದಿಯ ಟಿಪ್ಪಣಿಗಳಲ್ಲಿ ಇರುತ್ತದೆ, ಅದನ್ನು ಮೊದಲೇ ಓದುತ್ತೇನೆ. ಆಮೇಲೂ ಒಂದೇ ಕಂಪನಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹಾಕುವುದಿಲ್ಲ.

ಮನೆಯಲ್ಲಿ ಅಜ್ಜನ ಕಾಲದ ಷೇರು ಪತ್ರಗಳಿವೆ, ಅವಕ್ಕೆ ಬೆಲೆ ಇದೆಯೇ ಎಂದು ಇನ್ನೊಬ್ಬರು ಕೇಳಿದರು. ಈ ಊರಿನಲ್ಲಿ ಹಲವು ಮನೆಗಳ ಪೆಟ್ಟಿಗೆಯಲ್ಲಿ ಅಂಥ ಪತ್ರಗಳು ಇವೆ. ಮುಚ್ಚಿಹೋದ ಗಿರಣಿಗಳ ಪತ್ರಗಳಿಂದ ಏನೂ ಸಿಗಲಾರದು. ನಡೆಯುತ್ತಿರುವ ಕಂಪನಿಯದಾದರೆ, ಅಥವಾ ಇನ್ನೊಂದರಲ್ಲಿ ವಿಲೀನವಾದ ಕಂಪನಿಯದಾದರೆ, ಹಕ್ಕು ಉಳಿದಿರುವ ಸಾಧ್ಯತೆ ಇದೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದೆ ಬಿಟ್ಟ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಹೋದ ಮೇಲೂ ವಾರಸುದಾರರು ಐಇಪಿಎಫ್-5 ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಕಾಗದದ ರೂಪದಲ್ಲೇ ಮಾರಲು ಅವಕಾಶವಿಲ್ಲ, ಡಿಮ್ಯಾಟ್ ಮಾಡಿಸಬೇಕು, ಅಂದರೆ ಎಲೆಕ್ಟ್ರಾನಿಕ್ ಖಾತೆಗೆ ಸೇರಿಸಬೇಕು. ಪತ್ರದ ಮೇಲಿನ ಫೋಲಿಯೊ ಸಂಖ್ಯೆ, ಅಂದರೆ ಕಂಪನಿಯಲ್ಲಿನ ಷೇರುದಾರನ ಖಾತೆ ಸಂಖ್ಯೆ, ಬರೆದಿಟ್ಟುಕೊಳ್ಳಿ. ಪತ್ರದ ಮೇಲಿನ ಹೆಸರಿನ ಕಾಗುಣಿತವೂ ಮರಣ ಪ್ರಮಾಣ ಪತ್ರದಲ್ಲಿನ ಹೆಸರೂ ಒಂದೇ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ, ಹೆಚ್ಚಿನ ಅರ್ಜಿಗಳು ತಡವಾಗುವುದು ಇಂಥ ವ್ಯತ್ಯಾಸಗಳಿಂದ.

ಮುಂದಿನ ತಿಂಗಳ ಕೂಟದಲ್ಲಿ ಒಂದು ಕಂಪನಿಯ ವಾರ್ಷಿಕ ವರದಿಯನ್ನು ಎಲ್ಲರೂ ಕೂಡಿ ಓದೋಣ ಎಂದು ನಿರ್ಧಾರವಾಗಿದೆ. ಈ ವರದಿಗಳು ಕನ್ನಡದಲ್ಲಿ ಬರುವುದಿಲ್ಲ ಎಂಬ ಕೊರಗು ನನಗೆ ಬಹಳ ವರ್ಷಗಳಿಂದ ಇದೆ. ಕನ್ನಡಿಗರ ಹಣ ಅಷ್ಟೊಂದು ಅಲ್ಲಿರುವಾಗ ಆಸ್ತಿಪಟ್ಟಿಯೂ ನಗದು ಹರಿವಿನ ಪಟ್ಟಿಯೂ ಕನ್ನಡದಲ್ಲಿ ಸಿಗಬೇಕು. ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬೇಕು. ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಬರೆದ ಹಾಳೆಗಳನ್ನು ಗ್ರಂಥಾಲಯದಲ್ಲಿ ಇಡುತ್ತೇವೆ. ಬರುವವರು ಒಂದು ಪೆನ್ಸಿಲ್ ಮತ್ತು ಲೆಕ್ಕದ ನೋಟ್‌ಬುಕ್ ತರಬೇಕು.